ನಾಯಿಯ ಪಾದದ ಹುಣ್ಣು ಮತ್ತು ನಮ್ಮ ಅಹಿಂಸೆ

ಕಾಮಸಮುದ್ರದ ರೈಲು ನಿಲ್ದಾಣದ ದಾರಿಯಲ್ಲಾಗಲಿ, ಬಂಗಾರಪೇಟೆಯ ಪೇಟೆಬೀದಿಯಲ್ಲಾಗಲಿ, ನಾಯಿಯೊಂದು ಕುಳಿತು ತನ್ನ ಮುಂಗಾಲನ್ನು ಎಡೆಬಿಡದೆ ನೆಕ್ಕುತ್ತಿರುವುದನ್ನು ಕಾಣದವರಿಲ್ಲ. ಬೆರಳುಗಳ ಸಂದು ಕೆಂಪೇರಿ, ಕೂದಲುದುರಿ, ಕೀವು ಒಸರುತ್ತಿರುತ್ತದೆ. ಔಷಧಿಯ ಮಾತೆತ್ತಿದರೆ ನಮ್ಮವರಲ್ಲಿ ಕೆಲವರ ಉತ್ತರ ಸಿದ್ಧವಾಗಿದೆ: ‘ಉಣುಗೂ ಜೀವವೇ, ಅದನ್ನು ಕೊಲ್ಲುವುದು ಹಿಂಸೆ, ನಾಯಿಯ ನೋವು ಅದರ ಕರ್ಮ.’ ಇದು ಅಹಿಂಸೆಯಲ್ಲ, ಅಹಿಂಸೆಯ ವೇಷ ತೊಟ್ಟ ಆಲಸ್ಯ.

ಮೊದಲು ರೋಗವನ್ನು ಅರಿಯೋಣ. ತುರಿಕೆಗೆಲ್ಲ ಉಣುಗೇ ಕಾರಣವಲ್ಲ. ಒಂದೇ ಪಾದವನ್ನು ನೆಕ್ಕುತ್ತಿದ್ದರೆ ಮುಳ್ಳೋ ಗಾಜಿನ ಚೂರೋ ಹೊಕ್ಕಿರಬಹುದು. ಹಲವು ಪಾದಗಳಾದರೆ ಆಹಾರ, ಧೂಳು, ಪರಾಗಗಳ ಅಲರ್ಜಿಯಿರಬಹುದು. ಕಜ್ಜಿಯ ನುಸಿಯೋ ಶಿಲೀಂಧ್ರವೋ ಇರಬಹುದು. ನಾವೇ ಅಂಗಳಕ್ಕೆ ಸುರಿದ ಫಿನಾಯಿಲ್, ಆಸಿಡ್‌ಗಳಿಂದ ಚರ್ಮ ಸುಟ್ಟಿರಬಹುದು. ನೆಕ್ಕಿದಷ್ಟೂ ತೇವ ಹೆಚ್ಚುತ್ತದೆ, ತೇವದಲ್ಲಿ ಸೋಂಕು ಬೆಳೆಯುತ್ತದೆ, ಸೋಂಕಿನಿಂದ ತುರಿಕೆ ಇಮ್ಮಡಿಸುತ್ತದೆ. ಮುಳ್ಳನ್ನು ತೆಗೆಯುವುದಕ್ಕೆ, ಉಗುರುಬೆಚ್ಚಗಿನ ನೀರಿನಿಂದ ಪಾದ ತೊಳೆದು ಬೆರಳ ಸಂದನ್ನು ಒಣಗಿಸುವುದಕ್ಕೆ, ಫಿನಾಯಿಲನ್ನು ನಿಲ್ಲಿಸುವುದಕ್ಕೆ ಯಾವ ಉಣುಗನ್ನು ಕೊಲ್ಲಬೇಕು? ಅಲ್ಲಿ ಧರ್ಮಸಂಕಟದ ನೆಪವೂ ಇಲ್ಲ. ಇದರಿಂದ ಗುಣವಾಗದಿದ್ದರೆ ಪಶುವೈದ್ಯರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಕಾರಣ ಹೇಳಬಲ್ಲರು. ಸುಟ್ಟ ಎಂಜಿನ್ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಬಳಿಯುವವರು ಮಾತ್ರ ಉಪಕಾರಿಗಳಲ್ಲ. ನಾಯಿ ಅದನ್ನು ನೆಕ್ಕುತ್ತದೆ, ವಿಷ ಹೊಟ್ಟೆ ಸೇರುತ್ತದೆ.

ಇನ್ನು ಉಣುಗು, ನುಸಿಗಳೇ ಕಾರಣವಾದಾಗ? ಔಷಧಿಯಿಂದ ಅವು ಸಾಯುತ್ತವೆ, ಅದನ್ನು ಮರೆಮಾಚಲಾರೆ. ಆದರೆ ಹೆಣ್ಣುಣುಗೊಂದು ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಇಂದು ಕೈಕಟ್ಟಿ ಕುಳಿತವನು ನಾಳೆ ಸಾವಿರ ಜೀವಗಳ ಮೇಲೆ ಮದ್ದು ಸಿಂಪಡಿಸಬೇಕಾಗುತ್ತದೆ. ಮೊದಲೇ ಮೈ ಬಾಚಿ, ಮಲಗುವ ಜಾಗವನ್ನು ಶುಚಿಯಾಗಿಟ್ಟವನೇ ಕಡಿಮೆ ಹಿಂಸೆ ಮಾಡಿದವನು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸಿದ್ದಾರೆ; ಅಹಿಂಸಾಣುವ್ರತದ ಅತಿಚಾರಗಳಲ್ಲಿ ಹೊಡೆತದೊಂದಿಗೆ ಅನ್ನಪಾನಗಳ ತಡೆಯನ್ನೂ ಎಣಿಸಿದ್ದಾರೆ. ಕೊಡಬೇಕಾದುದನ್ನು ಕೊಡದಿರುವುದೂ ದೋಷವೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಶ್ರಾವಕನು ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ಪಂಚೇಂದ್ರಿಯ ಜೀವಿಯೊಂದನ್ನು ಉಳಿಸುವ ಯತ್ನದಲ್ಲಿ ತಪ್ಪಿಸಲಾಗದೆ ಆದುದಕ್ಕೆ ಪ್ರತಿಕ್ರಮಣವುಂಟು. ಉದಾಸೀನತೆಗೆ ಪ್ರತಿಕ್ರಮಣ ಮಾಡುವವರನ್ನು ನಾನು ಕಂಡಿಲ್ಲ.

ಜೀವಂಧರನ ಕಥೆಯನ್ನು ನಾವು ಭಕ್ತಿಯಿಂದ ಕೇಳುತ್ತೇವೆ. ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಬಳಿ ಕುಳಿತು ಆತ ಪಂಚನಮಸ್ಕಾರ ಮಂತ್ರವನ್ನು ಕಿವಿಯಲ್ಲಿ ಹೇಳಿದ. ಅದು ಯಕ್ಷನಾಗಿ ಹುಟ್ಟಿತು. ಅದರ ಕರ್ಮ ಅದಕ್ಕೆ ಎಂದು ಆತ ಎದ್ದುಹೋಗಲಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಭೈಷಜ್ಯವು ಮನುಷ್ಯರಿಗೆ ಮಾತ್ರವೆಂದು ಭಾವಿಸದಿರಿ. ಜೀವದಯೆಯ ನಿಧಿಯಿಂದ ತಿಂಗಳಿಗೊಮ್ಮೆ ಪಶುವೈದ್ಯರನ್ನು ಕರೆಸಿರಿ. ಅಂಗಳವನ್ನು ಬರಿಯ ನೀರಿನಿಂದ ತೊಳೆಸಿರಿ. ಮನೆಯಲ್ಲಿ ನಾಯಿ ಸಾಕಿದವರು ಇಂದು ಸಂಜೆಯೇ ಅದರ ನಾಲ್ಕೂ ಪಾದಗಳನ್ನು ಎತ್ತಿ ನೋಡಿರಿ.