ಬದಲಾವಣೆಯ ಕಾಲದಲ್ಲಿ ಬಾಯಿಪಾಠದ ಪ್ರಾರ್ಥನೆ

ನನ್ನ ವಯಸ್ಸಿನ ನಾಲ್ಕು ಮಂದಿ ಕ್ರೈಸ್ತರು ಎಲ್ಲಿ ಸೇರಿದರೂ ಈಚೆಗೆ ಮಾತು ಒಂದೇ ಕಡೆಗೆ ಹರಿಯುತ್ತದೆ. ದೇವಾಲಯದಲ್ಲಿ ಹಾರ್ಮೋನಿಯಂ ಮೂಲೆ ಸೇರಿ ಗಿಟಾರು, ಡ್ರಮ್ಮು ಬಂದಿವೆ. ಸಂಗೀತ ಪುಸ್ತಕವನ್ನು ಬಿಡಿಸುವವರಿಲ್ಲ, ಹಾಡಿನ ಸಾಲುಗಳು ಗೋಡೆಯ ಪರದೆಯ ಮೇಲೆ ಮೂಡುತ್ತವೆ. ಮಕ್ಕಳು ಬೆಂಗಳೂರಿನಲ್ಲೋ ದುಬಾಯಿಯಲ್ಲೋ ಕೆನಡಾದಲ್ಲೋ ಇದ್ದಾರೆ. ಹಬ್ಬಕ್ಕೆ ಬಂದ ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದು. ಮಾತಿನ ಕೊನೆಗೆ ಒಬ್ಬರಾದರೂ "ಎಲ್ಲ ನಮ್ಮ ಕಾಲಕ್ಕೇ ಮುಗಿಯಿತು ಮಾಸ್ಟ್ರೇ" ಎಂದು ನಿಟ್ಟುಸಿರು ಬಿಡುತ್ತಾರೆ.

ಆ ನೋವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಈ ಮಾತುಕತೆಗಳಲ್ಲಿ ನಾವು ವಿಶ್ವಾಸದ ಬೇರನ್ನು ತಪ್ಪು ಜಾಗದಲ್ಲಿ ಅಗೆದು ಹುಡುಕುತ್ತಿದ್ದೇವೆ ಎಂದು ನನಗೆ ತೋರುತ್ತದೆ. ವಾದ್ಯ ಯಾವುದಿರಬೇಕು, ಆರಾಧನೆಯ ಕ್ರಮ ಯಾವುದಿರಬೇಕು ಎಂಬ ಜಗಳದಲ್ಲಿ ವರ್ಷಗಳು ಕಳೆಯುತ್ತಿವೆ. ಮಕ್ಕಳ ಬಾಯಲ್ಲಿ ಒಂದು ಕೀರ್ತನೆಯಾದರೂ ಪೂರ್ತಿ ನಿಂತಿದೆಯೇ ಎಂದು ಕೇಳುವವರು ಮಾತ್ರ ಕಡಿಮೆಯಾಗಿದ್ದಾರೆ.

ನಾವು ಹಳೆಯದೆಂದು ಎದೆಗವಚಿಕೊಂಡಿರುವುದೆಲ್ಲ ಒಂದು ಕಾಲಕ್ಕೆ ಹೊಸದಾಗಿ ಬಂದದ್ದೇ. ಬಾಸೆಲ್ ಮಿಶನ್ನಿನ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೇಲೆ ಕೇಳಿಸಿದ ಜರ್ಮನ್ ರಾಗಗಳು, ಪಾಡ್ದನಗಳಿಗೆ ಒಗ್ಗಿದ್ದ ಕರಾವಳಿಯ ಕಿವಿಗೆ ಎಷ್ಟು ವಿಚಿತ್ರವಾಗಿ ತೋರಿರಬೇಕು! ಇಂದು ಗಿಟಾರನ್ನು ಕಂಡು ಮುಖ ಗಂಟಿಕ್ಕುವ ಹಿರಿಯರು ಕಣ್ಣು ಮುಚ್ಚಿ ಹಾಡುವುದು ಆ ರಾಗಗಳನ್ನೇ. ನಿಘಂಟಿನ ಕಿಟ್ಟೆಲರು ಕ್ರಿಸ್ತನ ಚರಿತ್ರೆಯನ್ನು ದೇಶೀಯ ಧಾಟಿಯಲ್ಲಿ ಹೇಳುವುದಕ್ಕಾಗಿ 'ಕಥಾಮಾಲೆ'ಯನ್ನು ರಚಿಸಿಕೊಟ್ಟರೂ ನಾವು ಹೆಚ್ಚಾಗಿ ಅಪ್ಪಿಕೊಂಡದ್ದು ಪರದೇಶದ ರಾಗಗಳನ್ನು. ಕಥೋಲಿಕ ಮಿತ್ರರ ಅನುಭವವೂ ಇಂಥದ್ದೇ. 1963ರ ಡಿಸೆಂಬರಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ, ಲತೀನ್ ಪೂಜೆ ಹೋಗಿ ಕೊಂಕಣಿ, ಕನ್ನಡ ಪೂಜೆಗಳು ಬಂದವು. ಲತೀನ್ ಹೋಯಿತೆಂದು ಕೊರಗಿದವರ ಮೊಮ್ಮಕ್ಕಳು ಇಂದು ಕೊಂಕಣಿ ಹೋಗುತ್ತಿದೆಯೆಂದು ಕೊರಗುತ್ತಿದ್ದಾರೆ.

ಇವೆಲ್ಲ ಒಂದು ತೂಕವಾದರೆ 1914 ಇನ್ನೊಂದು ತೂಕ. ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಮ್ಮವರೇ ಅದನ್ನು ಮರೆತಿದ್ದಾರೆ. ಅಂದಿನ ಮಂಗಳೂರು ಸೀಮೆಯ ಬಾಸೆಲ್ ಮಿಶನ್ ಕುಟುಂಬಗಳ ಸ್ಥಿತಿಯನ್ನು ಊಹಿಸಿಕೊಳ್ಳಿ. ಮತಾಂತರವಾದಾಗ ಅನೇಕರು ಕುಟುಂಬ, ಭೂಮಿ, ಕಸುಬು ಎಲ್ಲವನ್ನೂ ಕಳೆದುಕೊಂಡಿದ್ದರು. ಅವರಿಗೆ ಅನ್ನ ದೊರಕಲೆಂದೇ ಮಿಶನ್ನು ಮಗ್ಗದ ಕಾರ್ಖಾನೆಗಳನ್ನು ತೆರೆಯಿತು. 1865ರಲ್ಲಿ ಪ್ಲೆಬ್ಸ್ಟ್ ಸಾಹೇಬರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಕೆಲಸ ಕೊಟ್ಟ ಕೈ, ಶಾಲೆ ಕಟ್ಟಿದ ಕೈ, ದೀಕ್ಷಾಸ್ನಾನ ಕೊಟ್ಟ ಕೈ ಎಲ್ಲವೂ ಒಂದೇ. ಯುರೋಪಿನಲ್ಲಿ ಯುದ್ಧ ಸಿಡಿದಾಗ ಆ ಕೈಯೇ ಹಿಂದೆ ಸರಿಯಿತು. ಮಿಶನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಮಿಶನರಿಗಳಲ್ಲಿ ಹೆಚ್ಚಿನವರು ಜರ್ಮನರು, ಅಂದರೆ ಬ್ರಿಟಿಷ್ ಸರಕಾರದ ಲೆಕ್ಕದಲ್ಲಿ ಶತ್ರುಗಳು. ಅವರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದು ಕೂಡಿಹಾಕಿ, ಬಳಿಕ ದೇಶದಿಂದ ಹೊರಗೆ ಕಳುಹಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಎಂಬತ್ತು ವರ್ಷ ಕಟ್ಟಿದ ಆಸರೆ ಕೆಲವೇ ವರ್ಷಗಳಲ್ಲಿ ಕುಸಿದರೂ ಸಭೆಗಳು ಮುಚ್ಚಲಿಲ್ಲ. ದೇಶೀಯ ಸಭಾಪಾಲಕರು, ಉಪದೇಶಿಗಳು, ಸಭಾಹಿರಿಯರು ಅವನ್ನು ನಡೆಸಿದರು. ಹೆಂಚಿನ ಕಾರ್ಖಾನೆಯಲ್ಲಿ ದುಡಿದಿದ್ದ ನನ್ನ ಅಜ್ಜ ಆ ದಿನಗಳ ಬಗ್ಗೆ ಹೆಚ್ಚು ಮಾತನಾಡುತ್ತಿರಲಿಲ್ಲ. ದೊರೆಗಳು ಹೋದ ಮೇಲೆ ಪ್ರಾರ್ಥನೆ ಹೇಗೆ ನಡೆಯಿತೆಂದು ಕೇಳಿದರೆ, "ದೊರೆಗಳು ಹೋದರೆ ಏನು, ಪ್ರಾರ್ಥನೆ ನಮ್ಮ ಬಾಯಲ್ಲೇ ಇತ್ತಲ್ಲ" ಎನ್ನುತ್ತಿದ್ದರು. ಅವರಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಪ್ರಶ್ನೋತ್ತರ ಪಾಠವೂ ಹತ್ತಾರು ಸಂಗೀತಗಳೂ ಕೀರ್ತನೆಗಳೂ ಬಾಯಿಪಾಠವಿದ್ದವು. ರಾತ್ರಿ ಗಂಜಿಗೆ ಮೊದಲು ದೀಪದ ಬಳಿ ಎಲ್ಲರೂ ಕುಳಿತು ಅವನ್ನು ಹೇಳುತ್ತಿದ್ದರು. ಆ ಸೊತ್ತನ್ನು ಮಾತ್ರ ಯಾವ ಸರಕಾರವೂ ಜಪ್ತಿ ಮಾಡುವಂತಿರಲಿಲ್ಲ.

ಸತ್ಯವೇದವನ್ನು ಓದುವವರಿಗೆ ಈ ಕಥೆ ಅಪರಿಚಿತವೆನಿಸದು. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮಿನ ದೇವಾಲಯವು ಸುಟ್ಟುಹೋಗಿ ಜನರು ಬಾಬಿಲೋನಿಗೆ ಸೆರೆಹೋದಾಗ ಅವರ ಬಳಿ ಉಳಿದದ್ದೂ ನೆನಪಿನ ಕೀರ್ತನೆಗಳೇ. ಪರದೇಶದಲ್ಲಿ ಹಾಡುವುದು ಹೇಗೆಂದು ಅವರು ಅತ್ತರು ನಿಜ. ಆದರೆ ಆ ಅಳುವೇ ಒಂದು ಕೀರ್ತನೆಯಾಗಿ ನಮ್ಮವರೆಗೂ ಬಂದಿದೆ! ಪ್ರವಾದಿ ಯೆರೆಮೀಯನು ಅವರಿಗೆ ಬರೆದ ಕಾಗದವನ್ನು ಇಂದಿನ ವಲಸಿಗ ಕುಟುಂಬಗಳು ಓದಬೇಕು. ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿಕೊಳ್ಳಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬುದು ಅದರ ಸಾರಾಂಶ. ನಾಳೆಯೇ ಊರಿಗೆ ಮರಳುತ್ತೀರೆಂಬ ಹುಸಿ ಭರವಸೆಯನ್ನು ಆತ ಕೊಡಲಿಲ್ಲ. ಅದೇ ಯೆರೆಮೀಯನು, ನಗರಕ್ಕೆ ಶತ್ರುವಿನ ಮುತ್ತಿಗೆ ಬಿದ್ದಿದ್ದಾಗ, ತಾನೇ ಸೆರೆಯಲ್ಲಿದ್ದುಕೊಂಡು, ಅನಾತೋತಿನ ಹೊಲವೊಂದನ್ನು 17 ಶೆಕೆಲ್ ಬೆಳ್ಳಿಗೆ ಕೊಂಡು, ಕ್ರಯಪತ್ರವನ್ನು ಮಣ್ಣಿನ ಮಡಕೆಯಲ್ಲಿ ಇಡಿಸಿದನು. ಯಾವ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿಯೂ ಇಂಥ ವ್ಯವಹಾರವನ್ನು ಬುದ್ಧಿವಂತಿಕೆ ಎನ್ನಲಾರರು.

ಮುಂದೆ ಪಾರಸಿಯರ ದೊರೆ ಕೋರೆಷನ ಅಪ್ಪಣೆಯಿಂದ ಮರಳಿ ಬಂದವರು ಹೊಸ ದೇವಾಲಯಕ್ಕೆ ಅಸ್ತಿವಾರ ಹಾಕಿದ ದಿನದ ವರ್ಣನೆ ಎಜ್ರನ ಗ್ರಂಥದಲ್ಲಿದೆ. ಮೊದಲಿನ ದೇವಾಲಯವನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರಂತೆ. ಉಳಿದವರು ಹರ್ಷದಿಂದ ಕೂಗಿದರಂತೆ. ದೂರದಿಂದ ಕೇಳುವವರಿಗೆ ಅಳುವಾವುದು, ಹರ್ಷವಾವುದು ಎಂದು ತಿಳಿಯಲಿಲ್ಲವಂತೆ. ನಮ್ಮ ಸಭೆಗಳ ಇಂದಿನ ಚಿತ್ರವೂ ಇದೇ ಅಲ್ಲವೇ? ನನಗೆ ಮೆಚ್ಚುಗೆಯಾಗುವ ಸಂಗತಿಯೆಂದರೆ, ಅತ್ತವರು ಅಲ್ಲಿಂದ ಎದ್ದುಹೋದರೆಂದು ಗ್ರಂಥವು ಹೇಳುವುದಿಲ್ಲ. ಅವರು ಅದೇ ಅಂಗಳದಲ್ಲಿ ನಿಂತೇ ಅತ್ತರು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಉದಯವಾದಾಗಲೂ ಅಳುವವರಿದ್ದರು. ಆಂಗ್ಲಿಕನ್, ಮೆಥೊಡಿಸ್ಟ್, ದಕ್ಷಿಣ ಭಾರತ ಐಕ್ಯ ಸಭೆ ಎಂದು ಬೇರೆ ಬೇರೆ ಒಲೆಗಳಲ್ಲಿ ಬೇಯಿಸಿ ಉಂಡವರು ಒಂದೇ ಪಂಕ್ತಿಯಲ್ಲಿ ಕೂರಬೇಕಾಯಿತು. 1950ರ ಪ್ರಭುಭೋಜನದ ಕ್ರಮದಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಶಾಂತಿಯನ್ನು ದಾಟಿಸುವ ಪದ್ಧತಿ ಸೇರಿತು. ಪಕ್ಕದಲ್ಲಿ ನಿಂತವರ ಕೈ ಮುಟ್ಟಲು ಸಂಕೋಚಪಟ್ಟವರು ಇಲ್ಲದೆ ಇರಲಾರರು (ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ). ಈಗ ಅದಿಲ್ಲದೆ ಪ್ರಭುಭೋಜನ ಪೂರ್ಣವೆನಿಸುವುದಿಲ್ಲ.

ನಮ್ಮ ಜೀವಿತಕಾಲದ ದೊಡ್ಡ ಪರೀಕ್ಷೆ ಬಂದದ್ದು 2020ರಲ್ಲಿ. ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ಏಪ್ರಿಲ್ 10ರ ಶುಭ ಶುಕ್ರವಾರ, 12ರ ಪುನರುತ್ಥಾನದ ಹಬ್ಬ ಎರಡೂ ಮನೆಯೊಳಗೇ ಕಳೆದವು. ಜೂನ್ 8ರವರೆಗೆ ದೇವಾಲಯದ ಬಾಗಿಲು ತೆರೆಯಲಿಲ್ಲ. ಮೊಬೈಲಿನಲ್ಲಿ ಆರಾಧನೆ ಬಂತು, ಒಳ್ಳೆಯದೇ ಆಯಿತು; ಹಾಸಿಗೆ ಹಿಡಿದವರಿಗೆ ಅದರಿಂದ ಇಂದಿಗೂ ಉಪಕಾರವಾಗುತ್ತಿದೆ. ಆದರೆ ಆ ತಿಂಗಳುಗಳಲ್ಲಿ ಫೋನು ಮಾಡಿ ವಿಚಾರಿಸಿದಾಗ ನಾನು ಕಂಡುಕೊಂಡ ವ್ಯತ್ಯಾಸವನ್ನು ಹೇಳದಿರಲಾರೆ. ಮನೆಯಲ್ಲಿ ಪ್ರಾರ್ಥಿಸುವ ರೂಢಿಯಿದ್ದ ಕುಟುಂಬಗಳಿಗೆ ಕಷ್ಟವಿತ್ತು, ಭಯವೂ ಇತ್ತು, ಆದರೆ ದಿಕ್ಕು ತಪ್ಪಿರಲಿಲ್ಲ. ಭಾನುವಾರದ ಬೆಂಚನ್ನೇ ವಿಶ್ವಾಸವೆಂದುಕೊಂಡಿದ್ದವರಿಗೆ ಬೆಂಚು ಇಲ್ಲವಾದಾಗ ಎಲ್ಲಿ ಕೂರುವುದೆಂದೇ ತಿಳಿಯಲಿಲ್ಲ. ಅವರಲ್ಲಿ ಕೆಲವರು ಬಾಗಿಲು ತೆರೆದ ಮೇಲೂ ಮರಳಿ ಬಂದಿಲ್ಲ.

ಬಾಯಿಪಾಠವೆಂದಾಗ ನನ್ನ ಸಹೋದ್ಯೋಗಿಗಳಾಗಿದ್ದವರು ನಕ್ಕಾರು. ಬಿ.ಎಡ್. ತರಗತಿಯಲ್ಲಿ ನಮಗೆಲ್ಲ ಕಲಿಸಿದ್ದು ಉರು ಹೊಡೆಸುವುದು ಶಿಕ್ಷಣವಲ್ಲವೆಂದು. ಬೀಜಗಣಿತಕ್ಕೂ ಚರಿತ್ರೆಗೂ ಅದು ಸರಿಯಾದ ಮಾತು. ತರಗತಿಯಲ್ಲಿ ನಾನು ಹಾಗೆಯೇ ನಡೆದೆ. ಆದರೆ ಪ್ರಾರ್ಥನೆಯು ಪರೀಕ್ಷೆಗೆ ಓದುವ ವಿಷಯವಲ್ಲ. ಮಗುವಿಗೆ ಇಂದು ಅರ್ಥವಾಗದ ಮಾತು ಐವತ್ತನೆಯ ವಯಸ್ಸಿನಲ್ಲಿ, ಆಸ್ಪತ್ರೆಯ ವರಾಂಡದಲ್ಲಿ, ಒಮ್ಮೆಲೇ ಅರ್ಥವಾಗಬಹುದು. ಅರ್ಥವಾಗುವ ಆ ಹೊತ್ತಿಗೆ ಮಾತು ಒಳಗೆ ಇರಬೇಕಷ್ಟೆ.

ನನ್ನ ಅಕ್ಕನಿಗೆ ಈಗ ಮರೆವಿನ ಕಾಯಿಲೆ. ಇಬ್ಬರು ಗಂಡುಮಕ್ಕಳ ಹೆಸರು ಅವಳಿಗೆ ನೆನಪಿಲ್ಲ. ನನ್ನನ್ನು ಒಮ್ಮೊಮ್ಮೆ ನಮ್ಮ ತಂದೆಯೆಂದು ತಿಳಿದು ಬೈಯುತ್ತಾಳೆ. ಆದರೆ ಪಕ್ಕದಲ್ಲಿ ಕುಳಿತು ಕರ್ತನ ಪ್ರಾರ್ಥನೆಯ ಮೊದಲ ಪದವನ್ನು ಹೇಳಿದರೆ ಸಾಕು, ಉಳಿದದ್ದನ್ನು ಒಂದು ಅಕ್ಷರವೂ ತಪ್ಪದಂತೆ ತಾನೇ ಮುಗಿಸುತ್ತಾಳೆ. 23ನೆಯ ಕೀರ್ತನೆಯೂ ಹಾಗೆಯೇ. ಬಾಲ್ಯದಲ್ಲಿ ಲಯದೊಡನೆ ಕಲಿತದ್ದು ಕೊನೆಯವರೆಗೂ ಉಳಿಯುವುದುಂಟೆಂದು ವೈದ್ಯರು ವಿವರಿಸಿದರು. ಅವರ ವಿವರಣೆಯನ್ನು ನಾನು ಒಪ್ಪುತ್ತೇನೆ. ಆ ಕ್ಷಣದಲ್ಲಿ ಅವಳ ಮುಖದ ಮೇಲೆ ಮೂಡುವ ನೆಮ್ಮದಿಯನ್ನು ಕಾಣುವಾಗ ಮಾತ್ರ, ನನ್ನ ಮೊಮ್ಮಗಳಿಗೆ ಎಂಬತ್ತು ವರ್ಷವಾದಾಗ ಅವಳ ಒಳಗೆ ಏನು ಉಳಿದಿರುತ್ತದೆ ಎಂಬ ಚಿಂತೆ ಬಾಧಿಸುತ್ತದೆ. ಪರದೆಯ ಮೇಲೆ ಮೂಡಿ ಮರೆಯಾದ ಸಾಲುಗಳು ಉಳಿಯುವುವೆಂದು ನನಗೆ ನಂಬಿಕೆಯಿಲ್ಲ.

ಹಾಗೆಂದು ಹಳೆಯ ಕುಟುಂಬ ಪ್ರಾರ್ಥನೆಗಳನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಅವುಗಳಲ್ಲಿ ಕೆಲವು ವಿಪರೀತ ಉದ್ದವಿರುತ್ತಿದ್ದವು. ಮನೆಯ ಯಜಮಾನನು ಹೆಂಡತಿಗೂ ಮಕ್ಕಳಿಗೂ ಹೇಳಬೇಕಾದ ಬೈಗುಳವನ್ನೆಲ್ಲ ದೇವರ ಮೂಲಕ ಹೇಳಿಸುವುದೂ ಇತ್ತು. ದೇವಾಲಯವೊಂದಿದ್ದರೆ ಸಾಕು ಎಂದು ನಂಬಿದವರನ್ನು ಯೆರೆಮೀಯನು ದೇವಾಲಯದ ಬಾಗಿಲಲ್ಲೇ ನಿಂತು ಗದರಿಸಿದ್ದನು. ಪ್ರಾರ್ಥನೆಯ ರೂಢಿಯೊಂದಿದ್ದರೆ ಸಾಕು ಎನ್ನುವವರಿಗೂ ಆ ಗದರಿಕೆ ಅನ್ವಯಿಸುತ್ತದೆ. ರಾತ್ರಿ ಕೀರ್ತನೆ ಹೇಳಿ ಬೆಳಿಗ್ಗೆ ಕೆಲಸದವಳ ಸಂಬಳ ಹಿಡಿಯುವವರನ್ನು ನಾವೆಲ್ಲ ಬಲ್ಲೆವು.

ಇನ್ನು ಭಾಷೆಯ ಪ್ರಶ್ನೆ. ಇಲ್ಲಿ ನನ್ನ ಗೆಳೆಯರಲ್ಲಿ ಅನೇಕರಿಗೂ ನನಗೂ ಭಿನ್ನಾಭಿಪ್ರಾಯವಿದೆ. ಮಕ್ಕಳು ಇಂಗ್ಲಿಷಿನಲ್ಲಿ ಪ್ರಾರ್ಥಿಸಿದರೆ ವಿಶ್ವಾಸವೇ ಹೋಯಿತೆನ್ನುವಂತೆ ಅವರು ಮಾತನಾಡುತ್ತಾರೆ. ಕರಾವಳಿಯ ನಾವು ಇದನ್ನು ಹೇಳುವುದು ಸ್ವಲ್ಪ ವಿಚಿತ್ರ. ನಮ್ಮಲ್ಲಿ ಅನೇಕರ ಮನೆಮಾತು ತುಳು, ಆರಾಧನೆಯ ಮಾತು ಕನ್ನಡ. 1847ರಲ್ಲಿಯೇ ತುಳುವಿನ ಹೊಸ ಒಡಂಬಡಿಕೆ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಕನ್ನಡ ಅಕ್ಷರಗಳಲ್ಲಿ ಹೊರಬಂದಿತ್ತು. ಕಥೋಲಿಕರು ಕೊಂಕಣಿಯನ್ನು ಇಂದಿಗೂ ಕನ್ನಡ ಲಿಪಿಯಲ್ಲಿ ಓದುತ್ತಾರೆ. ಒಂದು ಬಾಯಿಯ ಮಾತನ್ನು ಇನ್ನೊಂದರ ಅಕ್ಷರದಲ್ಲಿ ಬರೆದುಕೊಂಡು ದೇವರನ್ನು ಕರೆದ ಜನ ನಾವು. ಹೀಗಿರುವಾಗ ಶಾರ್ಜಾದಲ್ಲಿರುವ ಮಗು ಕನ್ನಡದ ಕೀರ್ತನೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಕಲಿತರೆ ಆಕಾಶ ಕಳಚಿ ಬೀಳುವುದಿಲ್ಲ. ತನ್ನ ಸ್ವಂತ ಪ್ರಾರ್ಥನೆಯನ್ನು ಅದು ಇಂಗ್ಲಿಷಿನಲ್ಲೇ ಮಾಡಲಿ. ಭಯವಾದಾಗ ಬಾಯಿಗೆ ಬರುವ ಭಾಷೆಯೇ ಪ್ರಾರ್ಥನೆಗೆ ತಕ್ಕದ್ದು. ಆದರೆ ಅಜ್ಜಿ ಮರಣಶಯ್ಯೆಯಲ್ಲಿದ್ದಾಗ ಅವಳೊಡನೆ ಸೇರಿ ಹೇಳುವುದಕ್ಕೆ ಕನ್ನಡದ ಒಂದೆರಡು ಕೀರ್ತನೆಗಳು ಆ ಮಗುವಿಗೆ ಬೇಕು. ಈ ವಿಷಯದಲ್ಲಿ ಮಾತ್ರ ನಾನು ರಿಯಾಯಿತಿ ತೋರಲಾರೆ.

ಕಾರ್ಯರೂಪದಲ್ಲಿ ಏನು ಮಾಡಬೇಕೆಂದು ಕೇಳುವವರಿಗೆ ನನ್ನ ಸಲಹೆ ತೀರ ಸಣ್ಣದು. ರಾತ್ರಿ ಹತ್ತು ನಿಮಿಷ, ಹನ್ನೊಂದನೆಯ ನಿಮಿಷ ಬೇಡ. ಮೊದಲ ವರ್ಷ ಕರ್ತನ ಪ್ರಾರ್ಥನೆ, 23 ಮತ್ತು 121ನೆಯ ಕೀರ್ತನೆಗಳು, ಪರ್ವತ ಪ್ರಸಂಗದ ಧನ್ಯವಾಕ್ಯಗಳು. ಮಕ್ಕಳು ದೂರದಲ್ಲಿದ್ದರೆ ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಅವರಿಂದ ಹೇಳಿಸಿ. ತಪ್ಪಿದರೆ ತಿದ್ದಿ, ಗದರಬೇಡಿ. ದೇವಾಲಯದಲ್ಲಿ ಗಿಟಾರು ನುಡಿಸುವ ಹುಡುಗನಿಗೆ ಆ ಕೀರ್ತನೆಯನ್ನು ಅವನದೇ ರಾಗದಲ್ಲಿ ಹಾಡಲು ಹೇಳಿ. ಅವನು ಸಂತೋಷದಿಂದ ಹಾಡುವನು, ಉಳಿದವರೂ ಕಲಿಯುವರು. ಯಾವ ಭಾಷಾಂತರವನ್ನು ಉಪಯೋಗಿಸಬೇಕೆಂಬ ಚರ್ಚೆಗೆ ಇಳಿಯಬೇಡಿ. ನಿಮ್ಮ ತಾಯಿ ಹೇಳುತ್ತಿದ್ದುದನ್ನೇ ಹೇಳಿಕೊಡಿ. ಅದು ನಿಮಗೆ ಮರೆತಿದ್ದರೆ ಅದೇ ಸಭೆಯ ಹಿರಿಯ ಅಜ್ಜಿಯೊಬ್ಬರ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಕೇಳಿ. ಅವರಿಗೂ ಸಂಜೆಯ ಹೊತ್ತು ಮಾತನಾಡಲು ಯಾರೂ ಇರುವುದಿಲ್ಲ.