ದೆಹಲಿ ಮೆಟ್ರೋ ಗಡಿ ದಾಟಿತು, ಹೊಸೂರಿಗೆ ಏಕೆ ಬರುತ್ತಿಲ್ಲ?



ಬೆಂಗಳೂರಿನ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಶುರುವಾದಾಗಿನಿಂದ ಹೊಸೂರಿನ ಸದಸ್ಯರದು ಒಂದೇ ಪ್ರಶ್ನೆ: ನಮ್ಮೂರಿಗೆ ಯಾವಾಗ? ಉತ್ತರಕ್ಕೆ ಮೊದಲು ಇ. ಶ್ರೀಧರನ್ ಅವರ ವೃತ್ತಿಜೀವನವನ್ನು ಸ್ವಲ್ಪ ನೋಡಬೇಕು.

ಪಾಲಕ್ಕಾಡ್ ಜಿಲ್ಲೆಯ ಈ ಇಂಜಿನಿಯರ್, 1964ರ ಚಂಡಮಾರುತಕ್ಕೆ ಕೊಚ್ಚಿಹೋದ ಪಾಂಬನ್ ಸೇತುವೆಯನ್ನು 46 ದಿನಗಳಲ್ಲಿ ಸರಿಪಡಿಸಿದವರು. 1990ರಲ್ಲಿ, ನಿವೃತ್ತಿಯ ಹೊತ್ತಿಗೆ, ಕೊಂಕಣ ರೈಲ್ವೆಯ ಹೊಣೆ ಬಂತು. ಗೋವಾ, ಕಾಸರಗೋಡಿನ ನಮ್ಮವರಿಗೆ ಅದರ ಉಪಕಾರ ಗೊತ್ತೇ ಇದೆ. ಆಮೇಲೆ ದೆಹಲಿ ಮೆಟ್ರೋ. ಮೊದಲ ರೈಲು 2002ರ ಡಿಸೆಂಬರಿನಲ್ಲಿ ಓಡಿತು. ಗಡುವಿಗೆ ಉಳಿದ ದಿನಗಳನ್ನು ತೋರಿಸುವ ಫಲಕಗಳನ್ನು ಅವರು ಹಾಕಿಸುತ್ತಿದ್ದುದನ್ನು ಎಲ್ಲರೂ ಹೊಗಳುತ್ತಾರೆ. ಕಡತಗಳ ನಡುವೆ ಜೀವ ಸವೆಸಿದ ನನಗೆ ದೊಡ್ಡದಾಗಿ ಕಾಣುವುದು ಬೇರೆ. ಕೇಂದ್ರ ಮತ್ತು ದೆಹಲಿ ಸರ್ಕಾರ ಸಮಪಾಲು ಹಾಕಿದ ಒಂದೇ ಕಂಪನಿ, ಅದರ ಮುಖ್ಯಸ್ಥರಿಗೇ ರುಜು ಹಾಕುವ ಅಧಿಕಾರ. ಹೊಣೆಯೂ ಹಾಗೆಯೇ: 2009ರ ಜುಲೈನಲ್ಲಿ ಜಮ್ರುದ್‌ಪುರದಲ್ಲಿ ಕಟ್ಟುತ್ತಿದ್ದ ಮೇಲ್ಸೇತುವೆ ಕುಸಿದು ಜನ ಸತ್ತಾಗ ಅಂದೇ ರಾಜೀನಾಮೆ ಕೊಟ್ಟರು. ಸರ್ಕಾರ ಒಪ್ಪಲಿಲ್ಲ.

ಅದೇ ಕಂಪನಿ 2009ರಲ್ಲಿ ಉತ್ತರ ಪ್ರದೇಶದ ನೋಯ್ಡಾಕ್ಕೂ 2010ರಲ್ಲಿ ಹರಿಯಾಣದ ಗುಡಗಾಂವ್‌ಗೂ ರೈಲು ಓಡಿಸಿತು. ಆಯಾ ರಾಜ್ಯ ತನ್ನ ಪಾಲಿನ ಹಣ ಕೊಟ್ಟಿತು.

ಅವರ ಎಲ್ಲ ಲೆಕ್ಕವೂ ನನಗೆ ಒಪ್ಪಿಗೆಯಲ್ಲ. ದೆಹಲಿ ಮೆಟ್ರೋ ಕೇರಳಕ್ಕೆ ಮಾಡಿಕೊಟ್ಟ 2016ರ ಅತಿವೇಗದ ರೈಲು ಯೋಜನೆ ಕಣ್ಣೂರಿನಲ್ಲೇ ಮುಗಿಯುತ್ತಿತ್ತು. ಕಾಸರಗೋಡಿನವರೆಗೆ ಬರಬೇಕಿದ್ದ ಸಿಲ್ವರ್‌ಲೈನನ್ನು ಅವರು ವಿರೋಧಿಸಿದರು.

ಈಗ ಹೊಸೂರು. ಬೊಮ್ಮಸಂದ್ರದಿಂದ ಯೋಜಿಸಿದ ಮಾರ್ಗ ಸುಮಾರು 23 ಕಿ.ಮೀ. ಇಲ್ಲಿ ಕಂಪನಿಗಳು ಎರಡು. ಚೆನ್ನೈ ಮೆಟ್ರೋದ್ದು ಮೇಲಿನ ತಂತಿಯ 25 ಕಿಲೋವೋಲ್ಟ್, ಬೆಂಗಳೂರಿನದು ಹಳಿ ಪಕ್ಕದ 750 ವೋಲ್ಟ್. ಎರಡನ್ನೂ ಜೋಡಿಸುವುದು ಕಾರ್ಯಸಾಧ್ಯವಲ್ಲವೆಂದು ಬೆಂಗಳೂರು ಮೆಟ್ರೋ ಹೇಳಿದೆ. ಮಾತು ಸರಿಯೇ. ಆದರೆ ಬೆಂಗಳೂರಿನ ಕಂಪನಿಯೇ ತನ್ನ ಪದ್ಧತಿಯಲ್ಲಿ ಹಳಿ ಮುಂದುವರಿಸಿ, ತನ್ನ ನೆಲದ ಖರ್ಚನ್ನು ತಮಿಳುನಾಡು ಕೊಟ್ಟರೆ ಈ ತಕರಾರು ಏಳುವುದೇ ಇಲ್ಲ. ಗಡಿಯಾಚೆಗೆ ಮೆಟ್ರೋ ಬೇಡವೆಂದು ಬೆಂಗಳೂರಿನ ಕೆಲವು ಕನ್ನಡ ಸಂಘಟನೆಗಳು ಹೇಳುತ್ತಿವೆ. ಆ ಗಡಿಯಾಚೆ ತಲೆಮಾರುಗಳಿಂದ ನಾವೂ ಇದ್ದೇವೆ ಎಂಬುದನ್ನು ಅವರಿಗೆ ಯಾರಾದರೂ ನೆನಪಿಸಬೇಕು.

ದಿನವೂ ಹೊಸೂರಿನಿಂದ ಬೆಂಗಳೂರಿಗೆ ಹೋಗಿಬರುವ ಸದಸ್ಯರು ಪ್ರಯಾಣದ ಸಮಯ, ಖರ್ಚು ಎರಡನ್ನೂ ಬರೆದು ಕಳಿಸಿ. ಎರಡೂ ಸರ್ಕಾರಗಳಿಗೆ ಸಲ್ಲಿಸುವ ಮನವಿಗೆ ಲಗತ್ತಿಸುತ್ತೇನೆ.

– ಕಾರ್ಯದರ್ಶಿ