ಆ ಚಮಚವನ್ನು ಕಲಾಕೃತಿ ಎನ್ನಬೇಡಿ

ನಾಜಿ ಯಾತನಾ ಶಿಬಿರಗಳ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಸಾಹಿತ್ಯದ ಮಾತುಕತೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಸುತ್ತದೆ: ನರಕದಲ್ಲೂ ಮನುಷ್ಯನ ಸೃಜನಶೀಲತೆ ಸಾಯಲಿಲ್ಲ. ಕೈದಿಗಳು ಲೋಹದ ಚೂರನ್ನು ತಟ್ಟಿ ಮಾಡಿಕೊಂಡ ಚಮಚದ ಫೋಟೊ ನೋಡಿ ಕಣ್ಣು ತುಂಬಿಕೊಳ್ಳುತ್ತೇವೆ. ನಾನೂ ಹಾಗೆಲ್ಲ ಮಾತಾಡಿದ್ದೇನೆ. ಈಗ ಅದನ್ನು ಕೇಳಿದರೆ ಸಿಟ್ಟು ಬರುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆಯೇ ಬೇರೆ: ಆ ಕೈದಿಯ ಹತ್ತಿರ ಚಮಚ ಯಾಕಿರಲಿಲ್ಲ?

ಇಟಲಿಯ ಲೇಖಕ ಪ್ರೀಮೋ ಲೆವಿಯವರನ್ನು 1944ರಲ್ಲಿ ಆಶ್ವಿಟ್ಜ್‌ಗೆ ಸಾಗಿಸಲಾಯಿತು. ಸಾಯುವ ಹಿಂದಿನ ವರ್ಷ, 1986ರಲ್ಲಿ, ಪ್ರಕಟವಾದ ಪುಸ್ತಕದಲ್ಲಿ ಅವರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಹೊಸದಾಗಿ ಬಂದವರಿಗೆ ಚಮಚ ಕೊಡುತ್ತಿರಲಿಲ್ಲ. ದಿನದ ಸೂಪನ್ನು ನಾಯಿಯ ಹಾಗೆ ನೆಕ್ಕಬೇಕು. ಚಮಚ ಬೇಕಿದ್ದರೆ ಶಿಬಿರದ ಕಳ್ಳಸಂತೆಯಲ್ಲಿ ಬ್ರೆಡ್ಡನ್ನೋ ಸೂಪನ್ನೋ ಕೊಟ್ಟು ಕೊಳ್ಳಬೇಕು. ಅಂದರೆ ಉಣ್ಣುವುದಕ್ಕಾಗಿ ಊಟವನ್ನೇ ಬಿಡಬೇಕು. ಬಿಡುಗಡೆಯಾದ ಮೇಲೆ ನೋಡಿದರೆ ಉಗ್ರಾಣದಲ್ಲಿ ಸಾವಿರಾರು ಹೊಸ ಪ್ಲಾಸ್ಟಿಕ್ ಚಮಚಗಳಿದ್ದವು. ಜೊತೆಗೆ, ಬಂದವರ ಪೆಟ್ಟಿಗೆಗಳಿಂದ ಕಿತ್ತುಕೊಂಡ ಅಲ್ಯೂಮಿನಿಯಂ, ಉಕ್ಕು, ಬೆಳ್ಳಿಯ ಹತ್ತಾರು ಸಾವಿರ ಚಮಚಗಳು. ಇದು ಉಳಿತಾಯವಲ್ಲ, ಅವಮಾನಿಸಲೆಂದೇ ಮಾಡಿದ್ದು ಎಂಬುದು ಲೆವಿಯವರ ತೀರ್ಮಾನ.

ಆಶ್ವಿಟ್ಜ್ ಮುಖ್ಯ ಶಿಬಿರದ 17ನೇ ಬ್ಲಾಕಿನ ದುರಸ್ತಿಯ ವೇಳೆ ಚಿಮಣಿಯೊಳಗೆ ಚಾಕು, ಫೋರ್ಕು, ಕತ್ತರಿ, ಕೊಕ್ಕೆ, ಚರ್ಮದ ತುಂಡು, ಬೂಟು ರಿಪೇರಿಯ ಸಲಕರಣೆಗಳು ಸಿಕ್ಕವೆಂದು 2020ರಲ್ಲಿ ಸುದ್ದಿಯಾಯಿತು. ಬೂಟು ಯಾಕೆ ಮುಖ್ಯ? ಮರದ ಅಟ್ಟೆಯ ಬೂಟು ಕಚ್ಚಿ ಕಾಲು ಹುಣ್ಣಾದರೆ ನಡೆಯಲಾಗದು. ನಡೆಯಲಾಗದವನು ದುಡಿಯಲಾರ. ದುಡಿಯಲಾರದವನ ಹೆಸರು ಸಾಯುವವರ ಪಟ್ಟಿಗೆ. ಆ ಚರ್ಮದ ತುಂಡನ್ನು ‘ಕರಕುಶಲ’ ಎಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ. ಅವರು ಅದನ್ನು ಯಾರಿಗೂ ತೋರಿಸಲು ಇಟ್ಟಿರಲಿಲ್ಲ, ಬಚ್ಚಿಟ್ಟಿದ್ದರು.

ಹಾಗಾದರೆ ಫಾನ್ಯಾಳ ಹುಟ್ಟುಹಬ್ಬದ ಕಾರ್ಡು? ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಶ್ವಿಟ್ಜ್‌ನ ಮದ್ದುಗುಂಡು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು 1944ರ ಡಿಸೆಂಬರ್ 12ರಂದು, 20 ತುಂಬಿದ ಗೆಳತಿಗೆ ಹೃದಯದಾಕಾರದ ಪುಟ್ಟ ಪುಸ್ತಕವೊಂದನ್ನು ಕೊಟ್ಟರು. ನೇರಳೆ ಬಟ್ಟೆಯ ಹೊದಿಕೆ, ಅದರ ಮೇಲೆ ಅವಳ ಹೆಸರಿನ ಮೊದಲಕ್ಷರದ ಕಸೂತಿ, ಒಳಗೆ ಗೆಳತಿಯರ ಹಾರೈಕೆ. ಈಗ ಅದು ಮಾಂಟ್ರಿಯಲ್‌ನ ಹೋಲೊಕಾಸ್ಟ್ ಮ್ಯೂಸಿಯಂನಲ್ಲಿದೆ. ಅದರಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಕಾಲಿನ ಹುಣ್ಣು ಮಾಯುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಅದೂ ನಮಗಾಗಿ ಮಾಡಿದ್ದಲ್ಲ. ಬರೀ ನಂಬರಾಗಿಸಿದ್ದ ಒಬ್ಬಳನ್ನು ಗೆಳತಿಯರು ಹೆಸರು ಹಿಡಿದು ಕರೆದದ್ದು. ಅದನ್ನು ‘ಮನುಕುಲದ ಭರವಸೆ’ ಎಂದು ಹಿಗ್ಗಿಸಿದೊಡನೆ ಫಾನ್ಯಾಳೇ ಮಾಯವಾಗುತ್ತಾಳೆ.

ಈ ವಸ್ತುಗಳ ಬಗ್ಗೆ ಬರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಯಾವುದರಿಂದ ಮಾಡಿದ್ದು, ಯಾವ ಕೆಲಸಕ್ಕೆ, ಯಾರಿಂದ ಬಚ್ಚಿಟ್ಟದ್ದು ಎಂದು ಮೊದಲು ಬರೆಯಿರಿ. ಸೃಜನಶೀಲತೆ ಸಾಯಲಿಲ್ಲ ಎನ್ನುವ ಮುನ್ನ ಉಗ್ರಾಣದಲ್ಲಿ ಸುಮ್ಮನೆ ಬಿದ್ದಿದ್ದ ಆ ಚಮಚಗಳ ಲೆಕ್ಕವನ್ನೂ ಬರೆಯಿರಿ. ಅದನ್ನು ಬಿಟ್ಟು ಮೆಚ್ಚಿದರೆ, ಚಮಚ ಕಿತ್ತುಕೊಂಡವನನ್ನು ಪ್ರಶ್ನಿಸದೆ ಬಿಟ್ಟ ಹಾಗಾಗುತ್ತದೆ.